ಅಮ್ಮ ಮೊದಲೇ ಹೇಳಿದ್ದಳು

ನಮ್ಮ ಪುಟ್ಟನಿಗೆ ಆಗ ಎಂಟು ತಿಂಗಳು. ಭಾನುವಾರದ ಎಣ್ಣೆಸ್ನಾನ ಪೂರ್ತಿ ಹಾಸನದಿಂದ ಬಂದಿದ್ದ ಅಮ್ಮನ ಡಿಪಾರ್ಟ್‌ಮೆಂಟು. ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯೋದು, ಅವನು ಅಪಾರ್ಟ್‌ಮೆಂಟಿಗೆಲ್ಲ ಕೇಳೋ ಹಾಗೆ ಕಿರುಚೋದು. ಆವತ್ತು ಅಮ್ಮನೂ ಅಲ್ಲಿಂದಲೇ ಕೂಗಿದಳು: "ಬೇಗ ಬಾರೋ ಇಲ್ಲಿ, ಇವನ ಬಲಗಡೆ ತೊಡೆಸಂದು ಊದಿದೆ ನೋಡು."

ನಾನು ಒಂದು ಮೆಸೇಜ್ ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ ಹೋಗೋಷ್ಟರಲ್ಲಿ ಪುಟ್ಟ ಟವೆಲ್ಲಿನೊಳಗೆ ಬೆಚ್ಚಗೆ ಸುಮ್ಮನಾಗಿದ್ದ. ಬಿಡಿಸಿ ನೋಡಿದೆ. ಎರಡೂ ಕಡೆ ಒಂದೇ ಥರ.

"ಏನೂ ಇಲ್ವಲ್ಲಮ್ಮ."

"ಈಗಿಲ್ಲ. ಅಳ್ತಿದ್ದಾಗ ಇತ್ತು ಕಣೋ. ಬೆಟ್ಟದ ನೆಲ್ಲಿಕಾಯಷ್ಟು."

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೆಸರಿದೆ, ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರತ್ತೆ: ನಾಟ್ ರೀಪ್ರೊಡ್ಯೂಸಿಬಲ್. ಟೆಸ್ಟರ್ ಪಾಪ ತಪ್ಪಿದೆ ಅಂತ ಬರೆದಿರ್ತಾರೆ, ನಮ್ಮ ಮಷೀನಿನಲ್ಲಿ ಅದು ಕಾಣಿಸಲ್ಲ, ಟಿಕೆಟ್ ಕ್ಲೋಸ್. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ, ಅಮ್ಮನ ಟಿಕೆಟ್ಟನ್ನು ನಾನು ಅಲ್ಲೇ ಕ್ಲೋಸ್ ಮಾಡಿದ್ದೆ.

ಮಾರನೇ ವಾರ ಡಯಾಪರ್ ಬದಲಾಯಿಸುವಾಗ ನನ್ನ ಹೆಂಡತಿಯೂ ನೋಡಿದಳು. ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅಲ್ಲಿ ಅವನು ನಗ್ತಾ ಸ್ಟೆಥಾಸ್ಕೋಪ್ ಎಳೀತಿದ್ದ, ಊತದ ಸುಳಿವೇ ಇಲ್ಲ. ಡಾಕ್ಟರು ನನ್ನನ್ನು ಬಿಟ್ಟು ಅಮ್ಮನನ್ನು ಕೇಳಿದರು: ಯಾವಾಗ ಬರತ್ತೆ, ಮುಟ್ಟಿದರೆ ಮೆತ್ತಗಿರತ್ತಾ, ತಾನಾಗೇ ಹೋಗತ್ತಾ? ಎಲ್ಲ ಕೇಳಿಕೊಂಡು, "ಅಜ್ಜಿ ಹೇಳೋದು ಕೇಳಿದ್ರೆ ಹರ್ನಿಯಾನೇ. ಮತ್ತೆ ಬಂದಾಗ ಮೊಬೈಲಲ್ಲಿ ಫೋಟೋ ತೆಗೀರಿ. ಮಕ್ಕಳ ಸರ್ಜನ್‌ಗೆ ತೋರಿಸಿ, ತಡ ಮಾಡ್ಬೇಡಿ" ಅಂದರು.

ಆ ವಾರ ನಮ್ಮ ಟೀಮಿನ ರಿಲೀಸ್ ಇತ್ತು. ಅದು ಮುಗೀಲಿ ಅಂದುಕೊಂಡೆ. ರಾತ್ರಿ ಕೂತು ಸರ್ಚ್ ಮಾಡಿದೆ. 'ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಕೆಲವು ವರ್ಷ ಕಾಯಬಹುದು' ಅಂತಿತ್ತು. ಹೆಂಡತಿಗೆ ತೋರಿಸಿದೆ, ಅಮ್ಮನಿಗೆ ಓದಿ ಹೇಳಿದೆ. ಅಲ್ಲಿ ಬರೆದಿದ್ದು ನಿಜವೇ. ಆದರೆ ಅದು ಹೊಕ್ಕುಳಿನ ಹರ್ನಿಯಾ ಬಗ್ಗೆ. ಪುಟದ ತಲೆಬರಹದಲ್ಲೇ ಆ ಪದ ಇತ್ತು. ನಾನು ನನಗೆ ಬೇಕಾದ ಸಾಲಿಗೆ ನೇರ ಇಳಿದಿದ್ದೆ.

ತೊಡೆಸಂದಿನದು ಬೇರೆ ಕಥೆ. ಗಂಡುಮಗು ಹೊಟ್ಟೆಯಲ್ಲಿದ್ದಾಗ ವೃಷಣಗಳು ಅದರ ಹೊಟ್ಟೆಯೊಳಗಿಂದ ಒಂದು ಸಣ್ಣ ದಾರಿಯಲ್ಲಿ ಕೆಳಗಿಳಿಯುತ್ತವೆ. ಆಮೇಲೆ ಆ ದಾರಿ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಮುಚ್ಚಲ್ಲ. ಮಗು ಅತ್ತಾಗ, ಮುಕ್ಕಿದಾಗ ಕರುಳಿನ ಒಂದು ಕುಣಿಕೆ ಅದರೊಳಗೆ ಜಾರಿ ಬರತ್ತೆ, ಸುಮ್ಮನಾದಾಗ ವಾಪಸ್ ಹೋಗತ್ತೆ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಹೆಚ್ಚು, ಬಲಗಡೆ ಹೆಚ್ಚು. ನಮ್ಮವನು 35 ವಾರಕ್ಕೇ ಹುಟ್ಟಿದವನು. ಇದು ತಾನಾಗಿ ವಾಸಿಯಾಗಲ್ಲ, ಆಪರೇಷನ್ನೇ ಆಗಬೇಕು. ಕಾಯೋದರಲ್ಲಿರೋ ಅಪಾಯ ಒಂದೇ: ಒಂದು ದಿನ ಆಚೆ ಬಂದ ಕರುಳು ವಾಪಸ್ ಹೋಗದೆ ಅಲ್ಲೇ ಸಿಕ್ಕಿಕೊಳ್ಳಬಹುದು. ಮೊದಲ ವರ್ಷದಲ್ಲೇ ಈ ಅಪಾಯ ಜಾಸ್ತಿ. ಇದನ್ನೆಲ್ಲ ನಾನು ಕಲಿತಿದ್ದು ಎಮರ್ಜೆನ್ಸಿ ವಾರ್ಡಿನಲ್ಲಿ ನಿಂತುಕೊಂಡು.

ಬುಧವಾರ ರಾತ್ರಿ ಒಂದೂವರೆ. ಅಳು ನಿಲ್ಲಿಸಲೇ ಇಲ್ಲ. ಹಾಲು ಕುಡಿಸಿದರೆ ವಾಂತಿ. ಅಮ್ಮ ಲೈಟ್ ಹಾಕಿ ಡಯಾಪರ್ ಬಿಚ್ಚಿದಳು. ಈ ಸಲ ನಾನೂ ನೋಡಿದೆ. ಕೆಂಪಗೆ, ಮುಟ್ಟಿದರೆ ಗಟ್ಟಿ. ಅಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು "ನಡೀರಿ" ಅಂದಳು, ಅಷ್ಟೇ.

ಆಸ್ಪತ್ರೆಯಲ್ಲಿ ಎಲ್ಲರೂ ಮೊದಲು ಕೇಳಿದ್ದು ಅವನ ತೂಕ. 7 ಕೆ.ಜಿ. 200 ಗ್ರಾಂ. ನೋವಿನ ಔಷಧಿ, ಮಂಪರಿನ ಔಷಧಿ, ಡ್ರಿಪ್, ಎಲ್ಲದರ ಲೆಕ್ಕವೂ ಅದರ ಮೇಲೆ. ಸೂಜಿಗೆ ನರ ಹುಡುಕುವಾಗ ಕೈ ಹಿಡ್ಕೊಳ್ಳಿ ಅಂದರು, ನಾನು ಹಿಡಿದೆ, ಎರಡನೇ ಸಲ ಚುಚ್ಚಿದಾಗ ಬಿಟ್ಟುಬಿಟ್ಟೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಹಿಡಿದುಕೊಂಡಳು. ಸರ್ಜನ್ ಬಂದು, ಅವನು ಮಂಪರಿಗೆ ಜಾರಿದ ಮೇಲೆ ಎರಡೂ ಕೈ ಬೆರಳಿನಲ್ಲಿ ಮೆತ್ತಗೆ, ನಿಧಾನಕ್ಕೆ ಒತ್ತುತ್ತಾ ಕೂತರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ನಾನು ಗೋಡೆ ನೋಡ್ತಿದ್ದೆ. "ಹೋಯ್ತು" ಅಂದರು. ಕರುಳಿಗೆ ಏನೂ ಆಗಿರಲಿಲ್ಲ. ಇನ್ನೂ ತಡವಾಗಿದ್ದಿದ್ದರೆ ರಕ್ತ ಓಡಾಡದೆ ಆ ಭಾಗವನ್ನೇ ತೆಗೀಬೇಕಾಗ್ತಿತ್ತು ಅನ್ನೋದನ್ನು ಅವರು ತುಂಬ ಸಹಜವಾಗಿ ಹೇಳಿದರು. ಈಗ ಜಾಗ ಊದಿದೆ, ಎರಡು ದಿನ ಇಳೀಲಿ, ಶುಕ್ರವಾರ ಆಪರೇಷನ್, ಅಲ್ಲಿತನಕ ಇಲ್ಲೇ ಇರಲಿ ಅಂದರು.

ಕನ್ಸೆಂಟ್ ಫಾರಮ್ಮಿಗೆ ಸಹಿ ಹಾಕಿದ್ದರ ಬಗ್ಗೆ ಬರೀಬೇಕು ಅಂದುಕೊಂಡಿದ್ದೆ. ಬೇಡ. 'ಐ ಅಗ್ರೀ' ಒತ್ತಿ ಒತ್ತಿ ಅಭ್ಯಾಸ ಆದವನು ಜೀವನದಲ್ಲಿ ಮೊದಲ ಸಲ ಪ್ರತಿ ಸಾಲೂ ಓದಿದೆ ಅಂದರೆ ಸಾಕು.

ಆಪರೇಷನ್‌ಗಿಂತ ಕಷ್ಟ ಆಗಿದ್ದು ಉಪವಾಸ. ರಾಗಿ ಸರಿ, ಫಾರ್ಮುಲಾ ಹಾಲು 6 ಗಂಟೆ ಮುಂಚೆ ನಿಲ್ಲಿಸಬೇಕು, ಎದೆಹಾಲು 4 ಗಂಟೆ ಮುಂಚೆ, ಬರೀ ನೀರಾದರೆ 2 ಗಂಟೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಾರದಲ್ಲ, ಅದಕ್ಕೆ. ನಮಗೆ 9 ಗಂಟೆ ಅಂದಿದ್ದರು. ಹೆಂಡತಿ ಅಲಾರಂ ಇಟ್ಟು ಎದ್ದು 5ರೊಳಗೆ ಹಾಲು ಕುಡಿಸಿ ಮುಗಿಸಿದಳು. ಎಂಟೂವರೆಗೆ ಹೇಳಿ ಕಳಿಸಿದರು, ಒಂದು ತುರ್ತು ಕೇಸ್ ಬಂದಿದೆ, ನಿಮ್ಮದು ಹನ್ನೊಂದಕ್ಕೆ. ತುರ್ತು ಅಂದರೆ ಏನು ಅಂತ ಎರಡು ದಿನದ ಹಿಂದೆ ನೋಡಿದ್ದೆವು, ಬೇಜಾರು ಮಾಡ್ಕೊಳ್ಳೋ ಹಾಗೂ ಇಲ್ಲ. ಡ್ರಿಪ್ ಓಡ್ತಿತ್ತು, ಅರಿವಳಿಕೆ ಡಾಕ್ಟರನ್ನು ಕೇಳಿ ಒಂದೆರಡು ಚಮಚ ನೀರು ಕೊಟ್ಟೆವು. ಅವನಿಗೆ ಬೇಕಾಗಿದ್ದು ಅದಲ್ಲ. ಅಮ್ಮನ ಮೈವಾಸನೆ ಬಂದರೆ ಸಾಕು, ಎದೆ ಹುಡುಕಿಕೊಂಡು ಬಾಯಿ ತೆರೀತಿದ್ದ. ಕೊನೆಗೆ ಹೆಂಡತಿಯೇ "ನೀನು ಎತ್ಕೋ, ನನ್ನ ಕೈಲಿ ಆಗಲ್ಲ" ಅಂತ ಕೊಟ್ಟು ವಾರ್ಡಿನ ಆಚೆ ಹೋಗಿ ಕಿಟಕಿ ಹತ್ತಿರ ನಿಂತಳು. ನಾನು ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿ. ಅವನು ನನ್ನ ಟೀ ಶರ್ಟಿನ ಕಾಲರ್ ಚೀಪಿ ಚೀಪಿ ಒದ್ದೆ ಮಾಡಿದ. ಬೈದಾಡೋಕೆ ಬರೋ ವಯಸ್ಸಾಗಿದ್ದರೆ ಒಳ್ಳೇದಿತ್ತು ಅನ್ನಿಸಿತು.

ಒಳಗೆ ಒಬ್ಬರು ಬರಬಹುದು ಅಂದರು. ಹೆಂಡತಿ ಹೋದಳು. ಎರಡೇ ನಿಮಿಷಕ್ಕೆ ಖಾಲಿ ಶಾಲು ಹಿಡಿದುಕೊಂಡು ವಾಪಸ್ ಬಂದಳು.

ಕುರ್ಚಿಯಲ್ಲಿ ನಾನು, ಅಮ್ಮ ಅಕ್ಕಪಕ್ಕ. ಎರಡು ದಿನದಿಂದ ಅವಳು ಆ ಮಾತು ಎತ್ತಿರಲಿಲ್ಲ. ನನಗೇ ತಡೆಯೋಕಾಗದೆ ಅಂದೆ, "ನೀನು ಆವತ್ತೇ ಹೇಳಿದ್ದೆ. ನಾನೇ ಕೇಳಲಿಲ್ಲ."

"ನಂದೂ ತಪ್ಪೇ ಕಣೋ" ಅಂದಳು. "ನೀನು ಫೋನ್ ನೋಡಿ ಓದಿ ಹೇಳಿದೆಯಲ್ಲ, ಆವಾಗ್ಲೂ ನಂಗೆ ಅನುಮಾನಾನೇ ಇತ್ತು. ಓದಿದವನು, ನನಗಿಂತ ತಿಳ್ಕೊಂಡಿರ್ತಾನೆ ಅಂತ ಸುಮ್ಮನಾದೆ. ಇನ್ನೊಂದ್ಸಲ ಹೇಳ್ಬೇಕಿತ್ತು."

ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಇಂಜಿನಿಯರಿಂಗ್ ಓದಿಸೋಕೆ ಬಳೆ ಅಡ ಇಟ್ಟವಳು. ಆ ಓದಿನ ಎದುರಿಗೆ ಅವಳು ಬಾಯಿ ಮುಚ್ಚಿಕೊಂಡಿದ್ದಳು, ಅದೂ ಅವಳೇ ಸರಿಯಿದ್ದ ವಿಷಯದಲ್ಲಿ. ಏನು ಹೇಳೋದು ಗೊತ್ತಾಗಲಿಲ್ಲ. ಕ್ಯಾಂಟೀನಿನಿಂದ ಕಾಫಿ ತಂದುಕೊಟ್ಟೆ. ಸಕ್ಕರೆ ಜಾಸ್ತಿ ಆಯ್ತು ಅಂದಳು.

ಮುಕ್ಕಾಲು ಗಂಟೆಯಲ್ಲಿ ಸರ್ಜನ್ ಆಚೆ ಬಂದರು. ತೊಡೆಸಂದಿನ ಮಡಿಕೆಯಲ್ಲಿ ಒಂದು ಸಣ್ಣ ಗಾಯ, ಒಳಗೆ ಆ ಚೀಲವನ್ನು ಕಟ್ಟಿ ತೆಗೆದಿದ್ದಾರೆ. ದೊಡ್ಡವರಿಗೆ ಹಾಕೋ ಹಾಗೆ ಮಕ್ಕಳಿಗೆ ಮೆಶ್ ಬೇಡವಂತೆ, ಹೊಲಿಗೆಯೂ ತಾನಾಗೇ ಕರಗತ್ತೆ. ಬೆನ್ನಿನ ಕೆಳಗೆ ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು. ಆದರೂ ಎಚ್ಚರ ಆಗುವಾಗ ಯಾರನ್ನೂ ಗುರುತಿಸದವನ ಹಾಗೆ ರಂಪ ಮಾಡಿದ. ಅರಿವಳಿಕೆ ಇಳಿಯುವಾಗ ಹೀಗಾಗತ್ತೆ ಅಂತ ನರ್ಸ್ ಹೇಳದಿದ್ದರೆ ನಾನು ಇನ್ನೊಂದು ಸರ್ಚ್ ಮಾಡ್ತಿದ್ದೆ. ಪೂರ್ತಿ ಎಚ್ಚರ ಆದ ಮೇಲೆ ಹಾಲು ಕುಡಿಸಬಹುದು ಅಂದರು. ಆವತ್ತು ಅವನು ಕುಡಿದ ಸದ್ದು ಪಕ್ಕದ ಮಂಚದವರಿಗೂ ಕೇಳಿಸಿರಬೇಕು.

ಶನಿವಾರ ಡಿಸ್ಚಾರ್ಜ್ ಅಂದ ಮೇಲೆ ಮತ್ತೆ ಐದು ಗಂಟೆ ಕೂತೆವು. ಆಸ್ಪತ್ರೆಯ ಫೈಲಿನಲ್ಲಿ ಇನ್ನೂ 'ಬೇಬಿ ಆಫ್' ಅಂತ ತಾಯಿ ಹೆಸರಿತ್ತು, ಇನ್ಶೂರೆನ್ಸ್ ಕಾರ್ಡಿನಲ್ಲಿ ಅವನ ಹೆಸರು. ಇಬ್ಬರೂ ಒಂದೇ ಮಗು ಅಂತ ಸಾಬೀತು ಮಾಡೋಕೆ ಜನನ ಪ್ರಮಾಣಪತ್ರ ಹುಡುಕಿ ಕಳಿಸಬೇಕಾಯಿತು. ನಿಮ್ಮ ಮನೆಯಲ್ಲಿ ಕೂಸಿದ್ದರೆ ಇವತ್ತೇ ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಗಾಯ ಒಣಗಿ, ಡಾಕ್ಟರು ಸ್ನಾನಕ್ಕೆ ಒಪ್ಪಿದ ಮೊದಲ ಭಾನುವಾರ. ಬಚ್ಚಲಿನಿಂದ ಮಾಮೂಲಿ ಕಿರುಚಾಟ, ಅದರ ಜೊತೆ ಅಮ್ಮನ ಕೂಗು. ಲ್ಯಾಪ್‌ಟಾಪ್ ತೆಗೆದದ್ದು ತೆಗೆದ ಹಾಗೇ ಬಿಟ್ಟು ಓಡಿದೆ.

"ಏನಾಯ್ತಮ್ಮ?"

"ಏನೂ ಇಲ್ಲ. ಚೆನ್ನಾಗಿ ಅಳ್ತಿದ್ದಾನೆ, ಊತ ಇಲ್ಲ. ಆದ್ರೆ ಇನ್ನೊಂದು ಕಡೇನೂ ಬಂದ್ರೂ ಬರಬಹುದು, ಗಮನ ಇರಲಿ ಅಂದಿದ್ದಾರಲ್ಲ ಡಾಕ್ಟ್ರು. ಎಡಗಡೆ ಸರಿಯಾಗಿ ನೋಡ್ಕೋ."

ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಅಮ್ಮ ಇನ್ನೊಂದು ಚೊಂಬು ನೀರು ಹುಯ್ದಳು.