ಸುರಂಗದೊಳಗೆ ಭಾರವಾಹನಗಳ ಗತಿ

ಸ್ವಿಟ್ಜರ್‌ಲ್ಯಾಂಡಿನ ಗೋಟಾರ್ಡ್ ಪರ್ವತವನ್ನು ಭೇದಿಸಿ 1980ರಲ್ಲಿ ತೆರೆಯಲ್ಪಟ್ಟ, ಸುಮಾರು 17 ಕಿಲೋಮೀಟರು ಉದ್ದದ ರಸ್ತೆಸುರಂಗದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೊಂದೇ ಪಥವಿದ್ದು, ಹಿಂದಿಕ್ಕುವುದು ನಿಷಿದ್ಧವಾಗಿರುವುದರಿಂದ, ಮುಂದೆ ಸಾಗುವ ಲಾರಿಯ ಮಂದಗತಿಯೇ ಅದರ ಹಿಂದಿನ ಸಕಲ ವಾಹನಗಳ ಗತಿಯಾಗುವುದು ಅನಿವಾರ್ಯ. ಇದು ಲಾರಿಯವನ ಅಪರಾಧವೆಂದು ನಾನು ಒಪ್ಪಲಾರೆ. ಭಾರ ಹೊತ್ತ ಗಾಡಿ ವೇಗ ಪಡೆಯುವುದಕ್ಕೂ ನಿಲ್ಲುವುದಕ್ಕೂ ಹೆಚ್ಚು ದೂರವನ್ನು ಬೇಡುವುದು ಪ್ರಕೃತಿನಿಯಮವಷ್ಟೆ.

2001ರ ಅಕ್ಟೋಬರಿನಲ್ಲಿ ಎರಡು ಲಾರಿಗಳು ಸಂಘಟ್ಟಿಸಿ ಹೊತ್ತಿದ ಬೆಂಕಿಗೆ 11 ಜನರು ಆಹುತಿಯಾದ ತರುವಾಯ, ಲಾರಿಗಳನ್ನು ಹೊರಗೇ ತಡೆದು, ಅಂತರವಿಟ್ಟು ಒಂದೊಂದಾಗಿ ಒಳಬಿಡುವ ಕ್ರಮವನ್ನು ಅಲ್ಲಿ ಜಾರಿಗೆ ತಂದರು. ಹೊರಗೆ ಕಾಯುವ ಈ ಕಾಲವನ್ನು ನಷ್ಟವೆಂದು ಗಣಿಸುವವರು, ಹೊಗೆ ತುಂಬಿದ ಸುರಂಗದಲ್ಲಿ ಓಡಿ ಪಾರಾಗಲು ಮನುಷ್ಯನಿಗೆ ದೊರೆಯುವ ಅವಕಾಶವೆಷ್ಟೆಂಬುದನ್ನು ಚಿಂತಿಸಿದವರಲ್ಲ.

ಆದರೂ ನಿಯಂತ್ರಣವೊಂದೇ ಸಾಲದು. ಆಲ್ಪ್ಸ್ ದಾಟುವ ಸರಕು ರೈಲನ್ನೇರಬೇಕೆಂದು ಸ್ವಿಸ್ ಪ್ರಜೆಗಳು 1994ರಲ್ಲೇ ಮತವಿತ್ತರು; ಅದೇ ಗೋಟಾರ್ಡಿನ ಅಡಿಯಲ್ಲಿ 57 ಕಿಲೋಮೀಟರುಗಳ ರೈಲುಸುರಂಗವೂ 2016ರಲ್ಲಿ ಸಿದ್ಧವಾಯಿತು. ಮಂಗಳೂರಿನ ದಾರಿಯಲ್ಲಿರುವ ಶಿರಾಡಿ ಘಾಟಿಗೆ ಸುರಂಗವನ್ನು ಯೋಜಿಸುವ ನಮ್ಮವರು, ಕೊರೆಯುವ ಮುನ್ನವೇ, ಲಾರಿಗಳಿಗೆ ಪ್ರತ್ಯೇಕ ಪಥವನ್ನೂ ಮಂಗಳೂರು ಬಂದರಿನ ಸರಕಿಗೆ ರೈಲಿನ ಸೌಕರ್ಯವನ್ನೂ ನಿಶ್ಚಯಿಸಿಕೊಳ್ಳಲಿ.