ಕಾರು ತಾನೇ ನಿಂತರೆ ಚಾಲಕನಿಗೆ ನಿದ್ದೆ ಬೇಡವೇ?



ಕಳೆದ ತಿಂಗಳು ಒಂದು ರಾತ್ರಿ, ಹೋಟೆಲಿನ ಬಾಗಿಲು ಹಾಕಿ ಹುಡುಗರೆಲ್ಲ ಕೋಣೆಗೆ ಬಂದ ಹೊತ್ತಿನಲ್ಲಿ, ನಮ್ಮ ಊರ ಕಡೆಯ ತರುಣನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಹಿಂದೆ ನನ್ನ ಜತೆಯಲ್ಲೇ ಟೇಬಲು ಒರೆಸಿದವನು. ಈಗ ಲೈಸೆನ್ಸ್ ಮಾಡಿಸಿಕೊಂಡು ಬಾಡಿಗೆ ಕಾರು ಓಡಿಸುತ್ತಾನೆ. ಪುಣೆಯಿಂದ ಬೆಂಗಳೂರಿಗೆ ಗಿರಾಕಿಗಳನ್ನು ಬಿಟ್ಟು, ಅಲ್ಲಿ ಮೂರು ತಾಸೂ ಮಲಗದೆ ಹಿಂದಿರುಗಿದ್ದ. ಹೋಗಿ ಬರಲು 1,600 ಕಿಲೋಮೀಟರಿಗೂ ಮೇಲೆ. ಮರುದಿನ ಬೆಳಿಗ್ಗೆ ಮತ್ತೆ ಕೊಲ್ಹಾಪುರದ ಬಾಡಿಗೆ ಇತ್ತು.

“ಅಣ್ಣಾ, ಒಂದು ದಿನ ರಜೆ ಕೇಳಿದೆ. ಅದಕ್ಕೆ ಸಾಹುಕಾರರು, ‘ಹೊಸ ಗಾಡಿ ಕೊಟ್ಟಿದ್ದೇನಲ್ಲ! ಅದು ತಾನೇ ಬ್ರೇಕು ಹಾಕುತ್ತದೆ, ತಾನೇ ಗೆರೆಯೊಳಗೆ ಓಡುತ್ತದೆ. ಸುಮ್ಮನೆ ಕೂತವನಿಗೆ ದಣಿವೆಲ್ಲಿಯದು?’ ಅಂದರು” ಎಂದ.

ಇದು ಒಬ್ಬ ಮಾಲಿಕರ ಮಾತೆಂದು ಬಿಟ್ಟುಬಿಡುವಂತಿಲ್ಲ. ನಾಳೆ ಹತ್ತು ಜನರ ಬಾಯಲ್ಲಿ ಬರುವ ಮಾತು ಇದು. ಆದ್ದರಿಂದ ಆ ಗಾಡಿ ನಿಜವಾಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು. ತಿಳಿಯದವನಿಗೆ ಉತ್ತರ ಕೊಡಲು ಬಾಯಿ ಬರುವುದಿಲ್ಲ.

ಜಾಹೀರಾತಿನಲ್ಲಿ ಇದನ್ನು ‘ಅಡಾಸ್’ ಎನ್ನುತ್ತಾರೆ. ಎಂದರೆ ಚಾಲಕನಿಗೆ ಸಹಾಯ ಮಾಡುವ ಸಲಕರಣೆ. ಇದು ದೂರದ ದೇಶದ ಸಂಗತಿಯೇನೂ ಅಲ್ಲ. ನಮ್ಮ ಪುಣೆಯ ಪಕ್ಕದ ಚಾಕಣದಲ್ಲಿ ತಯಾರಾದ ಮಹೀಂದ್ರ ಎಕ್ಸ್‌ಯುವಿ 700 ಗಾಡಿ 2021ರಲ್ಲಿ ಈ ಸಲಕರಣೆಯೊಡನೆ ಬಂತು. 2023ರಲ್ಲಿ ಟಾಟಾ ಹ್ಯಾರಿಯರ್‌ಗೂ ಇದು ಬಂತು. ವಾಹನಗಳನ್ನು ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆ 1966ರಿಂದ ಇದೇ ಊರಿನಲ್ಲಿದೆ. ಚಾಕಣ, ಪಿಂಪ್ರಿಯ ರಸ್ತೆಯ ಹೋಟೆಲುಗಳಲ್ಲಿ ನಮ್ಮ ಹುಡುಗರು ಚಹಾ ಕೊಡುವುದು ಈ ಕಾರು ಮಾಡುವ ಕೈಗಳಿಗೇ.

ಕೆಲಸ ಹೀಗೆ. ಕಾರಿನ ಮುಂಭಾಗದಲ್ಲಿ ಒಂದು ರಾಡಾರ್ ಇರುತ್ತದೆ. ಅದು ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಬಿಡುತ್ತದೆ. ಮುಂದಿನ ವಾಹನಕ್ಕೆ ತಾಗಿ ಅವು ಮರಳುತ್ತವೆ. ಮರಳಲು ಹಿಡಿದ ಕಾಲದಿಂದ ದೂರ ಗೊತ್ತಾಗುತ್ತದೆ, ಅಲೆಯಲ್ಲಾದ ವ್ಯತ್ಯಾಸದಿಂದ ವೇಗ ಗೊತ್ತಾಗುತ್ತದೆ. ಮುಂದಿನ ಗಾಜಿನ ಮೇಲ್ಗಡೆ, ಕನ್ನಡಿಯ ಹಿಂದೆ ಒಂದು ಕ್ಯಾಮರಾ ಇರುತ್ತದೆ. ರಸ್ತೆಯ ಮೇಲಿನ ಬಿಳಿ ಗೆರೆ, ಫಲಕ, ಎದುರಿಗಿರುವುದು ಲಾರಿಯೋ ಸೈಕಲ್ಲೋ ಮನುಷ್ಯನೋ ಎಂಬುದನ್ನು ಅದು ಗುರುತಿಸಲು ನೋಡುತ್ತದೆ. ಈ ಎರಡರ ಸುದ್ದಿಯನ್ನೂ ಒಂದು ಗಣಕಯಂತ್ರ ಕೂಡಿಸಿ ಲೆಕ್ಕ ಹಾಕಿ ಬ್ರೇಕಿಗೂ ಸ್ಟಿಯರಿಂಗಿಗೂ ಆಜ್ಞೆ ಕೊಡುತ್ತದೆ. ಮುಂದಿನ ಗಾಡಿ ನಿಧಾನವಾದರೆ ಇದೂ ನಿಧಾನ. ಗೆರೆ ದಾಟುವಂತಾದರೆ ಚಕ್ರವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತದೆ. ಗುದ್ದುವುದೇ ಖಂಡಿತ ಎಂದು ಕಂಡರೆ ಕೂಗಿ ಎಚ್ಚರಿಸಿ ತಾನೇ ಬ್ರೇಕು ಹಾಕುತ್ತದೆ.

ತಿಳಿದವರು ಇದಕ್ಕೆ ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳನ್ನು ಮಾಡಿದ್ದಾರೆ. ಒಂದನೆಯದರಲ್ಲಿ ಯಂತ್ರ ವೇಗವನ್ನೋ ಚಕ್ರವನ್ನೋ ಒಂದನ್ನು ಮಾತ್ರ ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಎರಡನ್ನೂ ನೋಡಿಕೊಳ್ಳುತ್ತದೆ. ಆದರೆ ರಸ್ತೆಯ ಮೇಲೆ ಕಣ್ಣಿಡಬೇಕಾದವನು ಚಾಲಕನೇ. ಮೂರನೆಯದರಿಂದ ಮಾತ್ರ, ಗೊತ್ತುಪಡಿಸಿದ ಕೆಲವು ಸಂದರ್ಭಗಳಲ್ಲಿ, ಯಂತ್ರ ತಾನೇ ರಸ್ತೆ ಕಾಯುತ್ತದೆ. ಜಪಾನಿನ ಹೋಂಡಾ ಕಂಪನಿ 2021ರಲ್ಲಿ ಅಂಥ 100 ಕಾರುಗಳನ್ನಷ್ಟೇ ಬಾಡಿಗೆ ಕರಾರಿನ ಮೇಲೆ ಕೊಟ್ಟಿತು. ಮೇಲೆ ಹೇಳಿದ ನಮ್ಮ ಪುಣೆಯ ಗಾಡಿಗಳು ಎರಡನೆಯ ಮೆಟ್ಟಿಲಿನವು. ಕುಕ್ಕರು ಸೀಟಿ ಹೊಡೆದೀತು. ಒಲೆ ಆರಿಸುವವನು ಅಡುಗೆಯವನೇ ಅಲ್ಲವೇ?

ಯಂತ್ರಕ್ಕೂ ಕಣ್ಣು ಮಂಜಾಗುತ್ತದೆ. ಕ್ಯಾಮರಾದ ಮೇಲೆ ಕೆಸರು ಹಾರಿದರೆ, ಖಂಡಾಳದ ಶ್ರಾವಣದ ಮಳೆ ಮಂಜು ಕವಿದರೆ, ರಸ್ತೆಯ ಬಿಳಿ ಗೆರೆ ಸವೆದುಹೋಗಿದ್ದರೆ, ಅದಕ್ಕೆ ದಾರಿ ಸರಿಯಾಗಿ ತಿಳಿಯುವುದಿಲ್ಲ. ಅಡ್ಡ ನಿಂತ ವಾಹನವನ್ನು ಗುರುತಿಸದೆ ಹೋಗಬಹುದು. ಗಾಡಿಯೊಡನೆ ಬರುವ ಪುಸ್ತಕದಲ್ಲಿ ಕಂಪನಿಯವರೇ ಈ ಎಚ್ಚರಿಕೆಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಸಾತಾರಾ, ಕರಾಡದ ಕಡೆ ಕಬ್ಬಿನ ಹಂಗಾಮಿನಲ್ಲಿ ಹೋಗಿ ನೋಡಿರಿ. ಹಿಂಬದಿಯ ದೀಪವಿಲ್ಲದ ಟ್ರಾಕ್ಟರು ಎರಡೆರಡು ಟ್ರಾಲಿ ಎಳೆದುಕೊಂಡು ಕತ್ತಲಲ್ಲಿ ಹೆದ್ದಾರಿಗೆ ಬರುತ್ತದೆ. ಅಲ್ಲಿ ಬೇಕಾದದ್ದು ನಿದ್ದೆ ಮಾಡಿ ಎದ್ದ ಕಣ್ಣು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎರಡು ಸೆಕೆಂಡು ರೆಪ್ಪೆ ಕೂಡಿದರೆ 55 ಮೀಟರ್ ದಾರಿ ಕಾಣದೆಯೇ ಸರಿದುಹೋಯಿತು.

ಹಾಗೆಂದು ನಾನು ಯಂತ್ರದ ವೈರಿಯಲ್ಲ. ತಾನೇ ಬ್ರೇಕು ಹಾಕುವ ಕಾರುಗಳಲ್ಲಿ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಲೆಕ್ಕ ಕೊಟ್ಟಿದೆ. ಜೀವ ಉಳಿಸುವ ವಸ್ತು ಬರಲಿ, ಲಾರಿಗೂ ಬಸ್ಸಿಗೂ ಬರಲಿ. 2025ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ನಿಯಮದಲ್ಲಿ ದೊಡ್ಡ ವಾಹನಗಳಿಗೆ ತಾನೇ ಬ್ರೇಕು ಹಾಕುವ ಸಲಕರಣೆಯ ಜತೆಗೆ, ಚಾಲಕ ತೂಕಡಿಸಿದರೆ ಎಚ್ಚರಿಸುವ ಸಲಕರಣೆಯೂ ಇರಬೇಕೆಂದಿತ್ತು. ಒಳ್ಳೆಯದೇ. ಆದರೆ ತೂಕಡಿಕೆಯನ್ನು ಕಂಡುಹಿಡಿಯುವ ಯಂತ್ರ ಅವನಿಗೆ ನಿದ್ದೆ ಕೊಡುವುದಿಲ್ಲ. ನಿದ್ದೆಗೆ ಬಿಡುವು ಕೊಡಬೇಕಾದವನು ಮಾಲಿಕ.

ಗಿರಣಿಯ ಬಂಧುಗಳಿಗೆ ಈ ಕಥೆ ಹೊಸದಲ್ಲ. ಹಾಸಿನ ಎಳೆ ಕಡಿದರೆ ತಾನೇ ನಿಲ್ಲುವ ಮಗ್ಗವನ್ನು ನೀವು ಬಲ್ಲಿರಿ. 1924ರಲ್ಲಿ ಜಪಾನಿನ ಸಾಕಿಚಿ ಟೊಯೋಡಾ ಅಂಥ ಹೆಸರಾಂತ ಮಗ್ಗವೊಂದನ್ನು ಮಾಡಿದರು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಿದರು. ಆ ಮನೆತನವೇ ಮುಂದೆ ಟೊಯೋಟಾ ಕಾರಿನ ಕಂಪನಿ ಕಟ್ಟಿತು. ತಾನೇ ನಿಲ್ಲುವ ಮಗ್ಗಕ್ಕೂ ಕಾರಿಗೂ ಇಷ್ಟು ಹತ್ತಿರದ ನಂಟು! ಮಗ್ಗ ತಾನೇ ನಿಂತದ್ದರಿಂದ ನೇಕಾರನಿಗೆ ವಿಶ್ರಾಂತಿ ಸಿಕ್ಕಿತೇ? ಇಲ್ಲ, ಒಬ್ಬನೇ ನೋಡಿಕೊಳ್ಳಬೇಕಾದ ಮಗ್ಗಗಳ ಸಂಖ್ಯೆ ಬೆಳೆಯಿತು. ಮುಂಬಯಿಯಲ್ಲಂತೂ ಹೊಸ ಮಗ್ಗ ಬರುವುದನ್ನೂ ಕಾಯಲಿಲ್ಲ. ಎರಡು ಮಗ್ಗ ನೋಡುವವನು ಮೂರು ನೋಡಲಿ ಎಂದರು. 1928ರಲ್ಲಿ ಅಲ್ಲಿನ ಗಿರಣಿಗಳು ಸುಮಾರು ಆರು ತಿಂಗಳು ಮುಷ್ಕರದಿಂದ ನಿಂತದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಯಂತ್ರ ಉಳಿಸಿದ ಶ್ರಮ ಯಾರ ಪಾಲಿಗೆ ಹೋಗಬೇಕು ಎಂಬುದು ಅಂದಿನ ಪ್ರಶ್ನೆ. ನಮ್ಮ ಬಾಡಿಗೆ ಕಾರಿನ ತರುಣನ ಪ್ರಶ್ನೆಯೂ ಅದೇ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಅಪಘಾತವಾದರೆ ಅಪರಾಧಿ ಯಾರು? 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದಲ್ಲಿ, ಸೈಕಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿಗೆ ಊಬರ್ ಕಂಪನಿಯ ಕಾರು ಗುದ್ದಿತು, ಆಕೆ ಸತ್ತಳು. ತಾನೇ ಓಡುವುದನ್ನು ಕಲಿಸುತ್ತಿದ್ದ ಪರೀಕ್ಷೆಯ ಕಾರು ಅದು. ಯಂತ್ರ ಆಕೆಯನ್ನು ಐದು ಸೆಕೆಂಡು ಮೊದಲೇ ಕಂಡಿತ್ತು, ಆದರೆ ಅದು ಏನೆಂದು ನಿಶ್ಚಯಿಸಲಾರದೆ ಹೋಯಿತು. ಕಾರು ಮಾಡಿದವರು ಇಟ್ಟಿದ್ದ ತುರ್ತು ಬ್ರೇಕನ್ನು ಪರೀಕ್ಷೆಯ ಹೊತ್ತಿನಲ್ಲಿ ಕೆಲಸ ಮಾಡದಂತೆ ನಿಲ್ಲಿಸಲಾಗಿತ್ತು. ಒಳಗೆ ಕಾವಲಿಗೆ ಕೂತಿದ್ದ ಕೆಲಸದಾಕೆ ಮೊಬೈಲು ನೋಡುತ್ತಿದ್ದಳೆಂದು ತನಿಖೆ ಹೇಳಿತು. ಅವಳ ತಪ್ಪು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮುಂದೇನಾಯಿತೆಂದು ನೋಡಿರಿ. 2019ರಲ್ಲಿ ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಇಲ್ಲವೆಂದು ಸರ್ಕಾರಿ ವಕೀಲರು ತೀರ್ಮಾನಿಸಿದರು. 2023ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಮೇಲ್ವಿಚಾರಣೆಯ ಶಿಕ್ಷೆ ಪಡೆದವಳು ಆ ಕೆಲಸದಾಕೆ ಒಬ್ಬಳೇ. ಹೋಟೆಲಿನಲ್ಲಿ ಗ್ಲಾಸು ಒಡೆದರೆ ಮಾಣಿಯ ಸಂಬಳದಲ್ಲಿ ಮುರಿದುಕೊಳ್ಳುವುದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ.

ನಾನು ಕಾರೇ ಓಡಿಸುವುದಿಲ್ಲ, ನನಗೇನು ಎಂದು ಕೆಲವರು ಕೇಳಬಹುದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ಸ್ಕೂಟರು, ಮೋಟಾರ್ ಸೈಕಲ್ಲಿನ ಮೇಲಿದ್ದವರು. ನೂರಕ್ಕೆ 19ಕ್ಕೂ ಹೆಚ್ಚು ಜನ ನಡೆದುಹೋಗುತ್ತಿದ್ದವರು. ರಾತ್ರಿ ಒಂದು ಗಂಟೆಗೆ ಪಾತ್ರೆ ತೊಳೆದು ಮುಗಿಸಿ ಕೋಣೆಗೆ ನಡೆಯುವವರು ನಾವು. ಅಮೆರಿಕದ ಅದೇ ವಿಮಾ ಸಂಸ್ಥೆ 2022ರಲ್ಲಿ ಇನ್ನೊಂದು ಮಾತು ತಿಳಿಸಿತು. ನಡೆಯುವವರನ್ನು ಗುರುತಿಸಿ ಬ್ರೇಕು ಹಾಕುವ ಸಲಕರಣೆಯಿಂದ ಅವರಿಗೆ ಗುದ್ದುವ ಅಪಘಾತ ಒಟ್ಟಿನಲ್ಲಿ ನೂರಕ್ಕೆ 27ರಷ್ಟು ಕಡಿಮೆ. ಆದರೆ ಬೀದಿದೀಪವಿಲ್ಲದ ಕತ್ತಲಲ್ಲಿ ಅದರಿಂದ ಲಾಭವೇನೂ ಕಾಣಲಿಲ್ಲವಂತೆ. ಎಂದರೆ, ನಮಗೆ ಅದು ಅತ್ಯಂತ ಬೇಕಾದ ಹೊತ್ತಿನಲ್ಲೇ ಅದರ ಕಣ್ಣು ಸಾಲದು. ಆದ್ದರಿಂದ ಬೀದಿದೀಪ ಬೇಕು, ರಸ್ತೆಯ ಗೆರೆಗೆ ಹೊಸ ಬಣ್ಣ ಬೇಕು ಎಂದು ಮಹಾನಗರಪಾಲಿಕೆಯನ್ನು ಕೇಳುವುದೂ ಈ ಹೋರಾಟದ ಒಂದು ಭಾಗವೇ.

ಚಾಲಕ ಬಂಧುಗಳ ಪರವಾಗಿ ನಾವು ಕೇಳಬೇಕಾದದ್ದು ಮೂರು. ಮೊದಲನೆಯದು, ಗಾಡಿ ಎಷ್ಟೇ ಜಾಣವಾಗಿರಲಿ, ಕೆಲಸದ ತಾಸು ಹೆಚ್ಚಬಾರದು. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು 1961ರ ಕಾಯ್ದೆಯೇ ಬರೆದಿತ್ತು. ಆ ಮಿತಿಯನ್ನು ಗೆದ್ದುಕೊಟ್ಟವರು ನಮ್ಮ ಹಿರಿಯರು. ಕಾರಿಗೆ ಒಂದು ಕ್ಯಾಮರಾ ಬಂತೆಂದು ಅದನ್ನು ಬಿಟ್ಟುಕೊಡಲಾಗದು. ಎರಡನೆಯದು, ಇಂಥ ಗಾಡಿ ಕೊಡುವ ಮಾಲಿಕರು ಸಂಬಳದ ದಿನವನ್ನೇ ಕೊಟ್ಟು ಅದರ ಬಳಕೆಯನ್ನು ಕಲಿಸಬೇಕು. ಯಾವ ಗುಂಡಿ ಏನು ಮಾಡುತ್ತದೆ, ಯಾವಾಗ ನಂಬಬಾರದು ಎಂಬುದು ಚಾಲಕನ ಭಾಷೆಯಲ್ಲಿ ಅವನಿಗೆ ತಿಳಿಯಬೇಕು. ಮೂರನೆಯದು, ಅಪಘಾತವಾದಾಗ ಗಾಡಿಯೊಳಗಿನ ಯಂತ್ರದಲ್ಲಿ ದಾಖಲೆ ಏನಾದರೂ ಉಳಿದಿದ್ದರೆ ಅದರ ಪ್ರತಿ ಚಾಲಕನಿಗೂ ಸಿಗಬೇಕು. ಮಾಲಿಕನ ಕೈಯಲ್ಲಿ ಮಾತ್ರ ಇರುವ ಸಾಕ್ಷಿ ಕಾರ್ಮಿಕನ ಪರ ಮಾತಾಡುವುದು ಅಪರೂಪ.

ಚಾಲಕರಿಗೂ ಒಂದು ಮಾತು. ಸ್ಟಿಯರಿಂಗು ಬಿಟ್ಟು ಕೈಕಟ್ಟಿ ಕೂತು ಚಿತ್ರ ತೆಗೆದು ಮೊಬೈಲಿನಲ್ಲಿ ಕಳಿಸುವವರನ್ನು ಕಂಡಿದ್ದೇವೆ. ಅದನ್ನು ನೋಡಿದ ಮಾಲಿಕ, ಇವನಿಗೆ ಕೆಲಸವೇ ಇಲ್ಲ ಎಂದರೆ ತಪ್ಪು ಯಾರದು? ನಿಮ್ಮ ಜೀವಕ್ಕೂ ಬೆಲೆ ಇಲ್ಲ, ನಿಮ್ಮ ಕಸುಬಿಗೂ ಬೆಲೆ ಇಲ್ಲ ಎಂದು ನೀವೇ ಸಾರಿದಂತಾಯಿತು. ದಯವಿಟ್ಟು ಬಿಡಿರಿ.

ಆ ತರುಣ ಮರುದಿನ ಕೊಲ್ಹಾಪುರಕ್ಕೆ ಹೋಗಲಿಲ್ಲ. ನಾವು ನಾಲ್ಕು ಜನ ಅವನ ಜತೆ ಹೋಗಿ ಸಾಹುಕಾರರೊಡನೆ ಮಾತಾಡಿದೆವು. ಅವರು ಮೊದಲು ರೇಗಿದರು; ಕೊನೆಗೆ ಬೇರೆ ಚಾಲಕನನ್ನು ಕಳಿಸಿದರು. ಆ ದಿನದ ಕೂಲಿ ಮಾತ್ರ ಇವನಿಗೆ ಬರಲಿಲ್ಲ. ಅಂದಮೇಲೆ ಗೆದ್ದದ್ದು ಅರ್ಧವೇ. ಉಳಿದರ್ಧಕ್ಕೆ ನಾಲ್ಕು ಜನ ಸಾಲದು. ಬಾಡಿಗೆ ಕಾರು, ಟೆಂಪೋ, ಲಾರಿ ಓಡಿಸುವ ನಮ್ಮ ಕನ್ನಡಿಗ ಬಂಧುಗಳು ಸಂಘದ ಕಚೇರಿಗೆ ಬಂದು ಹೆಸರು ಬರೆಸಿರಿ. ನಿಮ್ಮ ಕೆಲಸದ ತಾಸುಗಳನ್ನು ಒಂದು ಚೋಪಡಿಯಲ್ಲಿ ದಿನವೂ ಬರೆದಿಡಿರಿ. ನಾಳೆ ಮಾತಾಡಲು ಕೂತಾಗ ನಮ್ಮ ಕೈಯಲ್ಲಿ ಲೆಕ್ಕ ಇರಬೇಕು.