ಬಾವಲಿ ಮಾಟೆಗೆ ಮಣ್ಣು ತುಂಬಿಸುವ ಮೊದಲು

ಇವತ್ತು ಅಡಿಕೆ ರೇಟಿನ ವಿಷಯ ಅಲ್ಲ. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ಪಕ್ಕದ ಜಾಗದವನು ಮೊನ್ನೆ ಸಂಜೆ ಬಂದ. "ಅಣ್ಣ, ಆದಿತ್ಯವಾರ ಜೆಸಿಬಿ ಬರ್ತದೆ. ಗುಡ್ಡೆ ಸಮ ಮಾಡಿ ಅಡಿಕೆ ಇಡುವ ಅಂತ. ಆ ಬಾವಲಿ ಮಾಟೆಗೂ ಮಣ್ಣು ತುಂಬಿಸ್ತೇನೆ. ನಿಫಾ ಗಿಫಾ ಹೇಳ್ತಾರಲ್ಲ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ" ಅಂದ. ಅವನ ಹೆದರಿಕೆ ಸುಳ್ಳಲ್ಲ. ಆದರೂ ತುಂಬಿಸುವುದು ಬೇಡ ಅಂದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಕಾರ್ಕಳದಿಂದ ಕಾಪುವರೆಗೆ ಮುರಕಲ್ಲಿನ ಗುಡ್ಡೆ ಇರುವ ಬೇರೆಯವರ ಜಾಗದಲ್ಲೂ ಇಂಥದ್ದು ಇರಬಹುದು.

ಮೊದಲು ನನ್ನ ತಪ್ಪು ಹೇಳ್ತೇನೆ. ಹೈಸ್ಕೂಲಿಗೆ ಹೋಗುವಾಗ ನಾವು ನಾಲ್ಕು ಹುಡುಗರು ಅದೇ ಮಾಟೆಯ ಬಾಯಿಗೆ ಒಣ ಮಡಲು ಹಾಕಿ ಹೊಗೆ ಕೊಟ್ಟೆವು. ಬರೀ ತಮಾಷೆಗೆ. ದೊಡ್ಡವು ಹಾರಿ ಹೋದವು. ಮರುದಿನ ನೋಡಿದರೆ ನೆಲದಲ್ಲಿ ರೋಮ ಬಾರದ ಮರಿಗಳು, ಮೈತುಂಬ ಇರುವೆ. ಹೆಚ್ಚಿನ ಬಾವಲಿ ವರ್ಷಕ್ಕೆ ಹಾಕುವುದು ಒಂದೇ ಮರಿ ಅಂತ ಆಮೇಲೆ ಗೊತ್ತಾಯಿತು. ಇಲಿಯ ಲೆಕ್ಕ ಅಲ್ಲ ಅದು. ನನ್ನ ಮದುವೆ ಆಗುವವರೆಗೂ ಆ ಮಾಟೆ ಖಾಲಿಯೇ ಇತ್ತು.

ಮಾಟೆ ಆಗುವುದು ಹೇಗೆ? ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಮೆದು ಜೇಡಿ. ಗುಡ್ಡೆಗೆ ಬಿದ್ದ ಮಳೆ ಒಳಗೆ ಇಳಿದು ಜೇಡಿಯನ್ನು ತೊಳೆದುಕೊಂಡು ಹೋಗ್ತದೆ, ಪೊಳ್ಳು ಉಳಿಯುತ್ತದೆ. ಅಂದರೆ ಅದು ನೀರಿನ ದಾರಿ. ಒಳಗೆ ಬಿಸಿಲಿಲ್ಲ, ಹುಲ್ಲಿಲ್ಲ. ಹಾಗಾದರೆ ಊಟ ಎಲ್ಲಿಂದ? ಬಾವಲಿ ರಾತ್ರಿ ಹೊರಗೆ ತಿಂದದ್ದನ್ನು ಹಿಕ್ಕೆಯಾಗಿ ಒಳಗೆ ಹಾಕ್ತದೆ. ಅದರಲ್ಲಿ ಜಿರಳೆ, ಹುಳ ಬದುಕ್ತವೆ, ಅವನ್ನು ಜೇಡ ಹಿಡೀತದೆ. ಬಾವಲಿ ಹೋದರೆ ಆ ಸಂಸಾರವೇ ಉಪವಾಸ.

ನಮಗೆಂತ ಲಾಭ ಅಂತ ಕೇಳುವವರಿಗೆ: ಸಣ್ಣ ಬಾವಲಿಗಳಲ್ಲಿ ಹೆಚ್ಚಿನವು ಹುಳ ತಿನ್ನುವಂಥವು. ಕಾಂಡಕೊರಕದ ಪತಂಗ ಹಾರುವುದು ರಾತ್ರಿ, ಆಗ ಹಕ್ಕಿ ಮಲಗಿರ್ತದೆ. ಥೈಲ್ಯಾಂಡಿನಲ್ಲಿ ಗುಹೆಯ ಒಂದು ಜಾತಿ ಬಾವಲಿ ಭತ್ತದ ಜಿಗಿಹುಳ ತಿಂದು ವರ್ಷಕ್ಕೆ ಸುಮಾರು 2,900 ಟನ್ ಅಕ್ಕಿ ಉಳಿಸ್ತದೆ ಅಂತ 2014ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಣ್ಣು ತಿನ್ನುವ ಬಾವಲಿಯೂ ಗುಹೆಯಲ್ಲಿ ಇರ್ತದೆ, ಅದು ಚಿಕ್ಕು, ಪೇರಳೆ ಹಾಳು ಮಾಡುವುದು ಹೌದು. ಸುಳ್ಳು ಹೇಳುವುದಿಲ್ಲ.

ಇನ್ನು ನಿಫಾ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಬಂದದ್ದಕ್ಕೆ ಮರದಲ್ಲಿ ನೇತಾಡುವ ದೊಡ್ಡ ಬಾವಲಿಯ ನಂಟು. ಆದರೆ 2020ರಲ್ಲಿ ಪುಣೆಯ ವೈರಾಣು ಸಂಸ್ಥೆಯವರು ಮಹಾಬಲೇಶ್ವರದ ಗುಹೆಯಲ್ಲಿ ಹಿಡಿದ ಬಾವಲಿಗಳಲ್ಲೂ ನಿಫಾದ ಗುರುತು ಸಿಕ್ಕಿತು. ಹಾಗಾಗಿ ಒಳಗೆ ಹೋಗಬೇಡಿ, ಹಿಕ್ಕೆ ಬರಿಗೈಯಲ್ಲಿ ಮುಟ್ಟಬೇಡಿ, ಬಾವಲಿ ಕಚ್ಚಿದ ಹಣ್ಣು ಮಕ್ಕಳಿಗೆ ಕೊಡಬೇಡಿ. ಮಾಟೆ ಮುಚ್ಚಿದರೆ ಮಾತ್ರ ಅವು ಎಲ್ಲಿಗೆ ಹೋಗುವುದು? ನಮ್ಮ ಅಟ್ಟಕ್ಕೇ ಬಂದರೆ?

ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಜಾತಿ ಬಾವಲಿ ಉಂಟು. ಈಗ ಗೊತ್ತಿರುವ ಹಾಗೆ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ, ಉಳಿದದ್ದು ಇನ್ನೂರರ ಒಳಗೆ. ಹತ್ತಿರದ ಇನ್ನೊಂದು ಗುಹೆಯಲ್ಲಿ ಇದ್ದವು ಕಲ್ಲುಕೋರೆಯ ಗಲಾಟೆಯಲ್ಲಿ ಹೋದವು. ಇನ್ನೊಂದು ವಿಷಯ ಕೇಳಿ. 2018ರ ನೆರೆಯ ನಂತರ ಮಲಪ್ಪುರಂನ ಗದ್ದೆಯಲ್ಲಿ ಹಾವಿನಂಥ ಉದ್ದ ಮೀನು ಸಿಕ್ಕಿ, ಯಾರೋ ಫೋಟೋವನ್ನು ಹೀಗೇ ಫೇಸ್‌ಬುಕ್, ವಾಟ್ಸಾಪ್ ಥರದ್ದರಲ್ಲಿ ಹಾಕಿದರು. ಅದು ಮುರಕಲ್ಲಿನ ಅಡಿಯ ನೀರಿನಲ್ಲಿ ಬದುಕುವ ಹೊಸ ಜಾತಿ ಅಂತ 2019ರಲ್ಲಿ ಹೆಸರಿಟ್ಟರು. ನಮ್ಮ ಬಾವಿಗಳೂ ಮುರಕಲ್ಲಿನದ್ದೇ. ಕೆಸರು ತೆಗೆಯುವಾಗ ವಿಚಿತ್ರ ಮೀನು ಕಂಡರೆ ಬಿಸಾಡಬೇಡಿ, ಫೋಟೋ ತೆಗೆದು ಮತ್ತೆ ನೀರಿಗೆ ಬಿಡಿ.

ಮುಚ್ಚೂರು ಬಳಿಯ ನೆಲ್ಲಿತೀರ್ಥ ಗುಹೆಗೆ ಜನ ಹೋಗುವುದು ಅಕ್ಟೋಬರಿನಿಂದ ಏಪ್ರಿಲ್ ತನಕ ಮಾತ್ರ. ಉಳಿದ ತಿಂಗಳು ಒಳಗೆ ದೇವತೆಗಳ, ಋಷಿಗಳ ಪೂಜೆ ಅಂತ ನಂಬಿಕೆ. ಹಿರಿಯರು ಬಾವಲಿಗೋಸ್ಕರ ಮಾಡಿದ ಕಟ್ಟಳೆ ಅಲ್ಲ ಅದು. ಆದರೆ ವರ್ಷದಲ್ಲಿ ಅರ್ಧ ನಮಗೆ, ಅರ್ಧ ಒಳಗಿನವರಿಗೆ ಎನ್ನುವ ಲೆಕ್ಕ ನನಗೆ ಸರಿ ಕಾಣ್ತದೆ.

ಪಕ್ಕದವನಿಗೆ ನಾನು ಹೇಳಿದ್ದು ಇಷ್ಟೇ: ಮಾಟೆಯ ಸುತ್ತ ಐದು ಸೆಂಟ್ಸ್ ಬಿಡು, ಮಕ್ಕಳು ಹೋಗದ ಹಾಗೆ ದೂರದಲ್ಲಿ ಬೇಲಿ ಹಾಕು, ಬಾಯಿ ಮುಚ್ಚಬೇಡ. ಐದು ಸೆಂಟ್ಸಿಗೆ ಅಡಿಕೆ ಗಿಡ ಮೂವತ್ತು ನಲ್ವತ್ತು ಹೋಗ್ತದೆ, ನಷ್ಟ ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಬೇಲಿಯ ಖರ್ಚಿನಲ್ಲಿ ಅರ್ಧ ನಾನು ಕೊಡ್ತೇನೆ ಅಂದೆ. "ನೋಡುವ ಅಣ್ಣ" ಅಂತ ಹೇಳಿ ಹೋಗಿದ್ದಾನೆ. ಇವತ್ತು ಶುಕ್ರವಾರ.

ನಿನ್ನೆ ಮುಸ್ಸಂಜೆ ದೂರದಲ್ಲಿ ಕೂತು ಎಣಿಸಿದೆ. ನೂರ ಎಂಬತ್ತರವರೆಗೆ ಲೆಕ್ಕ ಸಿಕ್ಕಿತು, ಆಮೇಲೆ ಕತ್ತಲೆ. ನಿಮ್ಮ ಜಾಗದಲ್ಲಿ ಇಂಥದ್ದು ಇದ್ದರೆ ನೀವೂ ಹೊರಗಿಂದಲೇ ಎಣಿಸಿ ಕಮೆಂಟಲ್ಲಿ ಹಾಕಿ. ಜಾಗದ ಗುರುತು ಮಾತ್ರ ಬೇಡ ಮಾರಾಯ್ರೆ, ನಾಳೆಯೇ ರೀಲ್ಸಿನವರು ಟಾರ್ಚ್ ಹಿಡ್ಕೊಂಡು ಬರ್ತಾರೆ.